ಹೆಬ್ಬಾತುಗಳಿಗೆ ಸನ್ಮಾನ

ದೊಡ್ಡವರ ಸಮಾರಂಭದ ಸುದ್ದಿ ಹೇಳುವಷ್ಟು ದೊಡ್ಡವನಲ್ಲ ನಾನು. ತಪ್ಪಿದ್ದರೆ ಕ್ಷಮಿಸಿ, ಹೇಳದೆ ಇರಲಾಗಲಿಲ್ಲ.

ಚಳಿಗಾಲಕ್ಕೆ ಮಂಗೋಲಿಯಾದಿಂದ ನಮ್ಮೂರ ಕೆರೆಗೆ ಬಂದಿದ್ದ ಹೆಬ್ಬಾತುಗಳು ಮಾರ್ಚಿನಲ್ಲೇ ತಮ್ಮೂರಿಗೆ ಹಾರಿದ್ದವು. ಮೇ ತಿಂಗಳು ಬಂದರೂ ಒಂಬತ್ತು ಮಾತ್ರ ಕದಲಲಿಲ್ಲ. ಕೆರೆ ಸಮಿತಿಯ ಅಧ್ಯಕ್ಷರಿಗೆ ಅಷ್ಟೇ ಸಾಕಾಯಿತು. ಶಾಮಿಯಾನ ಎದ್ದಿತು, ಮೈಕು ಬಂತು, ಮಂತ್ರಿಗಳು ಬರಲು ಒಪ್ಪಿದರು, ಹಕ್ಕಿಗಳತ್ತ ಹಿಡಿದು ಫೋಟೋ ತೆಗೆಸಿಕೊಳ್ಳಲು ಜರಿ ಶಾಲೂ ಸಿದ್ಧವಾಯಿತು. ಕೆರೆಯ ಸೊಬಗಿಗೆ ಮನಸೋತೇ ಹಕ್ಕಿಗಳು ಉಳಿದವು ಎಂಬ ಪ್ರಮಾಣಪತ್ರಕ್ಕೆ ಸಹಿಯೊಂದೇ ಬಾಕಿ. ಅದನ್ನು ಹಾಕಬೇಕಾದವಳು ಕೆರೆಯ ನೀರು, ಹಕ್ಕಿ ಪರೀಕ್ಷಿಸಲು ಸಮಿತಿ ದಿನಗೂಲಿಗೆ ಇಟ್ಟುಕೊಂಡಿದ್ದ ಇಂದ್ರಾಣಿ. ಹಾಕದಿದ್ದರೆ ನಾಳೆಯಿಂದ ಕೆಲಸವಿಲ್ಲ. ಅವಳೋ ತನ್ನ ಕಣ್ಣನ್ನೇ ನಂಬದೆ ಆ ಒಂಬತ್ತರ ಹಿಕ್ಕೆಯನ್ನು ಸೂಕ್ಷ್ಮದರ್ಶಕದಡಿ ನಾಲ್ಕು ಸಲ ನೋಡಿಬಂದಿದ್ದಳು.

"ಏನಮ್ಮಾ ಸಂಜೆ ಕಾಲೇಜಿನ ಪಂಡಿತೆ, ನಿನ್ನ ಪೆನ್ನಿಗೂ ಮುಹೂರ್ತ ನೋಡಬೇಕಾ?" ಎಂದರು ಅಧ್ಯಕ್ಷರು.

"ಒಂದು ಮಾತು ಹೇಳಬೇಕಿತ್ತು ಸಾರ್."

"ಮಾತಾಡೋಕೆ ಮಂತ್ರಿಗಳಿದ್ದಾರೆ. ಹೋದವೆಲ್ಲ ನಮ್ಮ ನೀರು ಕುಡಿದು ಮರೆತ ಕೃತಘ್ನ ಹಕ್ಕಿಗಳು. ಇವಕ್ಕೆ ಋಣ ಗೊತ್ತು, ಉಳಿದಿವೆ. ಇದರಲ್ಲಿ ನಿಂದೇನು ಸಂಶೋಧನೆ?"

ಇಂದ್ರಾಣಿ ಸಹಿ ಹಾಕದೆ ಕಾಗದವನ್ನು ಮೆಲ್ಲಗೆ ಅವರತ್ತ ಸರಿಸಿದಳು.

"ಹಾರೋ ಶಕ್ತಿಯಿದ್ದವು ಹೋದವು ಸಾರ್, ಇವುಗಳ ಕರುಳ ತುಂಬ ಹುಳ, ರೆಕ್ಕೆ ಎತ್ತೋಕೂ ಆಗ್ತಿಲ್ಲ; ಆ ಹುಳ ದಾರಿಯಲ್ಲಿ ಹತ್ತಿದ್ದೋ ನಮ್ಮ ಕೆರೆಯದೋ, ಅದು ಮಾತ್ರ ನನಗಿನ್ನೂ ಗೊತ್ತಿಲ್ಲ."