ಹಣ್ಣಿನ ಪೆಟ್ಟಿಗೆಯ ಗೋಡೆ

“ಗಂಡಸೋ ಹೆಂಗಸೋ, ಅಷ್ಟು ಹೇಳು ಸಾಕು. ಇನ್ನೊಬ್ಬರನ್ನ ಇಟ್ಕೊಂಡಿದೀಯ ಅನ್ನೋದು ನಂಗೆ ಗೊತ್ತಾಗಿದೆ.”

ಓನರ್ ಸೀದಾ ಒಳಗೆ ನುಗ್ಗಿದ್ದ. ಬಾಗಿಲು ತಟ್ಟುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಮನೆ ನನ್ನದು, ಬಾಗಿಲೂ ನನ್ನದು, ನನ್ನ ಬಾಗಿಲನ್ನು ನಾನೇ ಯಾಕೆ ತಟ್ಟಲಿ ಎನ್ನುವ ಪೈಕಿ. ಕೆಳಗಿನ ಮನೆಯಲ್ಲಿ ಅವನ ವಾಸ, ಮೇಲಿನ ಒಂದೂವರೆ ಕೋಣೆಯಲ್ಲಿ ಬಾಡಿಗೆಗೆ ಟೈಲರಮ್ಮ. ಕರಾರು ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದ: ವಾಸ ಒಬ್ಬರಿಗೆ ಮಾತ್ರ. ಇನ್ನೊಂದು ತಲೆ ಕಂಡರೆ ಅಂದೇ ಖಾಲಿ ಮಾಡಬೇಕು.

ಇನ್ನೊಂದು ತಲೆ ಇತ್ತು. ಎದುರಿಗೆ ಪೇರಿಸಿದ ಹಣ್ಣಿನ ಪೆಟ್ಟಿಗೆಗಳ ಹಿಂದೆ, ಮೊಣಕಾಲಿಗೆ ಗದ್ದ ಊರಿ, ಉಸಿರು ಬಿಗಿಹಿಡಿದು ಕೂತಿತ್ತು.

“ಯಾರೂ ಇಲ್ಲ ಸಾರ್. ನಾನು ಅಂಗಡಿಗೆ ಹೋದ್ರೆ ಇಲ್ಲಿ ಜಿರಳೆನೂ ಇರಲ್ಲ.”

“ಮಧ್ಯಾಹ್ನ ನೀನು ಅಂಗಡೀಲಿ ಹೊಲೀತಾ ಇರ್ತೀಯ. ಇಲ್ಲಿ ಹೆಜ್ಜೆ ಸದ್ದು. ಮೆಲ್ಲಗೆ, ಕಳ್ಳ ಹೆಜ್ಜೆ. ಜಿರಳೆ ಹಾಗೆ ನಡೆಯುತ್ತಾ? ಮೇಲಿನ ಸದ್ದೆಲ್ಲ ಕೆಳಗೆ ಚೆನ್ನಾಗಿ ಕೇಳುತ್ತೆ, ತಿಳ್ಕೋ.”

“ಕೆಳಗಿನದೂ ಮೇಲಕ್ಕೆ ಚೆನ್ನಾಗಿ ಕೇಳುತ್ತೆ ಸಾರ್.”

ಓನರ್ ಒಂದು ಗಳಿಗೆ ಅವಳ ಮುಖವನ್ನೇ ದಿಟ್ಟಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಕೋಣೆಯತ್ತ ತಿರುಗಿದ.

ಹತ್ತೇ ದಿನದಲ್ಲಿ ಕೋಣೆ ಗುರುತು ಸಿಗದಷ್ಟು ಬದಲಾಗಿತ್ತು. ಕಪಾಟು ಕೊಳ್ಳುವ ಶಕ್ತಿ ಟೈಲರಮ್ಮನಿಗೆಲ್ಲಿ ಬರಬೇಕು? ಹಣ್ಣಿನಂಗಡಿಯವನು ಎಸೆಯುವ ಮರದ ಪೆಟ್ಟಿಗೆಗಳನ್ನು ಎರಡೆರಡಾಗಿ ಹೊತ್ತು ತಂದಿದ್ದಳು. ಅಡ್ಡ ಮಲಗಿಸಿ, ಒಂದರ ಮೇಲೊಂದು ಪೇರಿಸಿ, ತಂತಿಯಲ್ಲಿ ಬಿಗಿದು, ಈ ಗೋಡೆಯಿಂದ ಆ ಗೋಡೆಗೆ, ನೆಲದಿಂದ ತಲೆಗಿಂತ ಎತ್ತರಕ್ಕೆ ಎಬ್ಬಿಸಿದ್ದಳು. ಒಂದರಲ್ಲಿ ಪಾತ್ರೆ, ಒಂದರಲ್ಲಿ ಬಟ್ಟೆ, ಒಂದರಲ್ಲಿ ಎಣ್ಣೆ ಡಬ್ಬ ಕತ್ತರಿಸಿ ಮಾಡಿದ ಚಮಚದ ಗೂಡು. ಉಳಿದವಕ್ಕೆ ಅಂಗಡಿಯ ಚೂರು ಬಟ್ಟೆ ಜೋಡಿಸಿ ಹೊಲಿದ ಪರದೆ. ದುಡ್ಡು ಕೊಟ್ಟು ತಂದದ್ದು ತಂತಿ, ಮೊಳೆ ಎರಡೇ. ಬೇರೆ ಯಾರಾದರೂ ಆಗಿದ್ದರೆ ಭೇಷ್ ಅನ್ನುತ್ತಿದ್ದರು.

“ಏನಿದು ತಿಪ್ಪೆ?” ಎಂದ ಓನರ್.

“ಸಾಮಾನೆಲ್ಲ ನೆಲದ ಮೇಲೆ ಬಿದ್ದಿದೆ ಅಂತ ನೀವೇ ಬೈದಿದ್ರಲ್ಲ ಸಾರ್. ಹಾಸಿಗೆ ಇದ್ದಷ್ಟು ಕಾಲು ಚಾಚಿದೀನಿ.”

“ಸಾಮಾನು ಜೋಡಿಸಿದ್ರೆ ಮನೆ ದೊಡ್ಡದಾಗ್ಬೇಕು. ನಿಂದು ಚಿಕ್ಕದಾಗಿದೆಯಲ್ಲ!”

ಅಯ್ಯೋ, ಹಾಳಾದವನಿಗೆ ಕಣ್ಣು ಬಲೇ ಚುರುಕು ಎಂದು ಟೈಲರಮ್ಮ ಮನಸ್ಸಿನಲ್ಲೇ ಶಪಿಸಿದಳು. ಅವನು ಆಗಲೇ ಕಿಟಕಿಯಿಂದ ಪೆಟ್ಟಿಗೆಯವರೆಗೆ ಪಾದಕ್ಕೆ ಪಾದ ಕೂಡಿಸಿ ಅಳೆಯತೊಡಗಿದ್ದ.

“ಹದಿನಾಲ್ಕು ಅಡಿ ಇರ್ಬೇಕು. ಹನ್ನೊಂದೇ ಬರ್ತಿದೆ.”

“ಪೆಟ್ಟಿಗೆ ಆಳ ಇದೆ ಸಾರ್.”

“ಮೂರಡಿ ಆಳದ ಹಣ್ಣಿನ ಪೆಟ್ಟಿಗೆ ಯಾವ ತೋಟದ್ದಮ್ಮ? ಒಳಗೆ ಕೂತಿರೋ ಹಣ್ಣು ಯಾವನು? ನಮ್ಮವಳು ತವರಿಗೆ ಹೋಗಿರೋದು ನಿನ್ನ ಪುಣ್ಯ. ಇದ್ದಿದ್ರೆ ಇಷ್ಟೊತ್ತಿಗೆ ನಿನ್ನ ಬಾಯಿ ಬಿಡಿಸ್ತಿದ್ಲು.”

“ಅಮ್ಮ ಬರೋದು ಯಾವಾಗ ಸಾರ್?”

“ನಿಂಗ್ಯಾಕೆ ಊರ ಉಸಾಬರಿ?”

ಎದೆಯೆತ್ತರದ ಪೆಟ್ಟಿಗೆಯೊಂದಕ್ಕೆ ಕೈಹಾಕಿ ಜಗ್ಗಿದ. ತಂತಿ ಕಿತ್ತುಬಂತು. ಲೋಟ, ತಟ್ಟೆಗಳು ಢಣಢಣ ಉರುಳಿದವು. ಖಾಲಿಯಾದ ಜಾಗದ ಹಿಂದೆ ದಪ್ಪ ಬಟ್ಟೆ ಇಳಿಬಿದ್ದಿತ್ತು. ಓನರ್ ಅದರ ಮೇಲೆ ಅಂಗೈ ಇಟ್ಟು ಒಳಕ್ಕೆ ಒತ್ತಿದ. ಮುಗಿಯಿತು, ಸಂಜೆಗೆ ತಾನು ಬೀದಿಯಲ್ಲಿ ಎಂದುಕೊಂಡಳು ಟೈಲರಮ್ಮ. ಒಳಗಿದ್ದವರ ಗತಿ ನೆನೆದು ಇನ್ನೂ ಹೆದರಿದಳು.

ಓನರ್‌ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

ಅವನ ಹೆಂಡತಿಯ ತಮ್ಮ. ಪಕ್ಕದಲ್ಲಿದ್ದವರಿಗೂ ಕೇಳುವಷ್ಟು ದೊಡ್ಡ ಗಂಟಲು. “ಭಾವ, ಅಕ್ಕನಿಗೆ ಫೋನ್ ಕೊಡಿ.”

“ಅವಳು… ಸ್ನಾನಕ್ಕೆ ಹೋಗಿದಾಳಪ್ಪ.”

“ನಿನ್ನೆನೂ ಸ್ನಾನ ಅಂದ್ರಿ. ಮೊನ್ನೆನೂ ಸ್ನಾನ ಅಂದ್ರಿ. ಏನು ಭಾವ, ಬಾವಿಗೇ ಇಳಿದುಬಿಟ್ಟಿದಾಳಾ?”

ತವರಿಗೆ ಹೋದವಳನ್ನು ತವರಿನವರೇ ಹುಡುಕುತ್ತಿದ್ದರು. ಟೈಲರಮ್ಮ ಕಣ್ಣು ಮಿಟುಕಿಸದೆ ಅವನನ್ನೇ ನೋಡಿದಳು. ಓನರ್‌ನ ಹಣೆಯಲ್ಲಿ ಬೆವರೊಡೆಯಿತು. ಆಮೇಲೆ ಮಾಡ್ತೀನಿ ಎಂದು ಫೋನ್ ಕಟ್ ಮಾಡಿದ.

“ಏನು ಗುರಾಯಿಸ್ತೀಯ? ಕಣ್ಣು ಕಿತ್ತಾಕಿಬಿಟ್ಟೇನು!”

“ನಾನೇನಂದೆ ಸಾರ್? ಅಮ್ಮ ಚೆನ್ನಾಗಿದ್ರೆ ಸಾಕು.”

ಅವನ ಕೈ ಮೇಲಕ್ಕೆದ್ದಿತು. ಫೋನು ಮತ್ತೆ ಹೊಡೆದುಕೊಂಡಿತು. ಅದೇ ತಮ್ಮ. ಕೈ ಕೆಳಗಿಳಿಯಿತು.

“ನಾಳೆ ಬೆಳಗ್ಗೆ ಬಡಗೀನ ಕರ್ಕೊಂಡು ಬರ್ತೀನಿ,” ಬಾಗಿಲ ಬಳಿ ನಿಂತು ಹಲ್ಲು ಕಡಿದ. “ಒಂದೊಂದು ಪೆಟ್ಟಿಗೆನೂ ಕೀಳಿಸ್ತೀನಿ. ಒಳಗೆ ಯಾವನೇ ಸಿಗಲಿ, ಜುಟ್ಟು ಹಿಡಿದು ಮೆಟ್ಟಿಲ ಮೇಲೆ ಎಳೀತೀನಿ. ಜೊತೆಗೆ ನಿನ್ನೂ.”

ಧಡಧಡನೆ ಮೆಟ್ಟಿಲಿಳಿದ. ಕೆಳಮನೆಯ ಬಾಗಿಲು ಬಡಿದುಕೊಂಡ ಸದ್ದು ಕೇಳಿದ ಮೇಲೆ ಟೈಲರಮ್ಮ ಚಿಲಕ ಹಾಕಿದಳು. ಬಿದ್ದ ಪಾತ್ರೆಗಳನ್ನು ದಾಟಿ ಹೋಗಿ, ನೆಲಕ್ಕೆ ಕೂತು, ತೀರಾ ಕೆಳಗಿನ ಎರಡು ಪೆಟ್ಟಿಗೆಗಳನ್ನು ಹೊರಗೆಳೆದಳು. ಮೊದಲು ಬಂದದ್ದು ಟೈಲರಮ್ಮನ ಫೋನನ್ನು ಬಿಗಿಯಾಗಿ ಹಿಡಿದ ಕೈ. ಮೊಣಕೈವರೆಗೂ ನೀಲಿಗಟ್ಟಿತ್ತು.

“ನನ್ನ ಮೆಸೇಜ್ ನೋಡಿ ತಮ್ಮ ಬಸ್ಸು ಹತ್ತಿದಾನಂತೆ. ಹೋದನಾ ನನ್ನ ಗಂಡ?”