ಚಿಲಕದ ಎತ್ತರ

"ಬೆಂಕಿ ಬಿತ್ತು ಅಂದ್ಕೋ ಪುಟ್ಟಿ, ಬಾಗಿಲು ತೆಗಿ ನೋಡೋಣ," ಎಂದರು ಶಾಲೆಯ ಸುರಕ್ಷತೆ ಪರೀಕ್ಷಿಸಲು ಬಂದಿದ್ದ ಎಂಜಿನಿಯರ್. ಒಂದನೇ ಕ್ಲಾಸಿನ ಪುಟ್ಟಿ ತುದಿಗಾಲಲ್ಲಿ ನಿಂತರೂ ಚಿಲಕ ಎಟುಕಲಿಲ್ಲ. ಪಕ್ಕದಲ್ಲಿದ್ದ ಮಿಸ್ ಅವರ ಮುಖ ಬಾಡಿತು.

ಅಷ್ಟರಲ್ಲಿ, ಎಲ್ಲರೂ ಡುಮ್ಮ ಎನ್ನುವ ಹುಡುಗ ಓಡಿಬಂದು ಬಾಗಿಲ ಬಳಿ ಕುದುರೆಯಂತೆ ಬಗ್ಗಿದ. ಪುಟ್ಟಿ ಅವನ ಬೆನ್ನೇರಿ ಚಿಲಕ ತೆಗೆದಳು.

"ಇದನ್ನ ಯಾರು ಹೇಳ್ಕೊಟ್ಟಿದ್ದೋ?" ಎಂದು ಕೇಳಿದರು ಎಂಜಿನಿಯರ್.

"ಯಾರೂ ಇಲ್ಲ ಸಾರ್. ಮಿಸ್ ಫೋನಲ್ಲಿದ್ದಾಗ ದಿನಾ ಹೀಗೇ ಆಚೆ ಹೋಗ್ತೀವಿ," ಎಂದ ಡುಮ್ಮ.

ಎಂಜಿನಿಯರ್ ನಗು ತಡೆದುಕೊಂಡು, ಕೆಳಗಿಳಿದು ನಿಂತ ಪುಟ್ಟಿಯ ಮೂಗಿನ ನೇರಕ್ಕೆ ಬಾಗಿಲ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. "ಚಿಲಕ ಇಲ್ಲಿಗೆ ಇಳಿಸಿ ಮೇಡಂ."

"ಅಯ್ಯೋ, ಆಮೇಲೆ ಇವರನ್ನ ಹಿಡಿಯೋರು ಯಾರು ಸಾರ್!" ಎಂದರು ಮಿಸ್.

ಎಲ್ಲರೂ ನಕ್ಕರು. ಡುಮ್ಮ ಮಾತ್ರ ಇನ್ನೂ ಬಗ್ಗಿಕೊಂಡೇ ಆ ಗೆರೆಯನ್ನು ನೋಡುತ್ತಿದ್ದ.

"ಹಾಗಾದ್ರೆ, ಇನ್ಮೇಲೆ ನಾನು ಬೇಡ್ವಾ?"