ಮೂರು ಮಂಚದ ಹೆರಿಗೆ ಮನೆ

ಸ್ಕ್ಯಾನಿಂಗ್ ವರದಿಯನ್ನು ಮೇಜಿನ ಮೇಲಿಟ್ಟವಳೇ ಅವಳು ಹೇಳಿಬಿಟ್ಟಳು: "ದೊಡ್ಡಾಸ್ಪತ್ರೆಗೆ ನಾನು ಹೋಗಲ್ಲ ನರ್ಸಮ್ಮ. ಅಮ್ಮ ನನ್ನ ಹೆತ್ತದ್ದು ಇಲ್ಲಿ, ನಾನೂ ಇಲ್ಲೇ ಹೆರೋದು."

ನರ್ಸಮ್ಮ ಕನ್ನಡಕ ಏರಿಸಿ ಓದಿದರು. ಎಂಟು ತಿಂಗಳು ತುಂಬಿದೆ. ಗರ್ಭಚೀಲದಲ್ಲಿ ಮಾಸು ಕೆಳಗೆ ಕೂತು ಮಗುವಿನ ದಾರಿಗೇ ಅಡ್ಡವಾಗಿದೆ. ಈಗಾಗಲೇ ಎರಡು ಸಲ ರಕ್ತ ಹೋಗಿದೆ.

"ಹೇಳಿ ಹೇಳಿ ನನ್ನ ಬಾಯಿ ಒಣಗಿತು, ನೀವಾದ್ರೂ ಬುದ್ಧಿ ಹೇಳಿ" ಅಂದ, ಬಾಗಿಲಲ್ಲಿ ನಿಂತಿದ್ದ ಗಂಡ.

ಅವಳ ಕಣ್ಣು ಆಗಲೇ ಒಳಕೋಣೆಯಲ್ಲಿತ್ತು. ಮೂರೇ ಮಂಚ. ಕಿಟಕಿ ಪಕ್ಕದ್ದು ಅಮ್ಮನದು. ಹೊಲಿಗೆ ಮಿಷನ್ ಮುಂದೆ ಕೂತು ಅಮ್ಮ ಆ ಕಥೆಯನ್ನು ಎಷ್ಟು ಸಲ ಹೇಳಿರಲಿಲ್ಲ! ಕುದಿಯುವ ನೀರಿನ ಹಬೆ, ಫಿನಾಯಿಲ್ ವಾಸನೆ, ಬಿಸಿಲಿಗೆ ಒಣಹಾಕಿದ ಹಳೇ ಸೀರೆಯ ತುಂಡುಗಳು, ಮಧ್ಯಾಹ್ನದವರೆಗೂ ಹಿಡಿದ ಕೈ ಬಿಡದೆ ಹಾಡುತ್ತಾ ಕೂತಿದ್ದ ನರ್ಸಮ್ಮ. "ಅವತ್ತು ನಿನಗಿಂತ ಜೋರಾಗಿ ಅತ್ತದ್ದು ನಿಮ್ಮಪ್ಪ ಕಣೇ" ಅಂತ ನಗುವಾಗ ಅಮ್ಮನ ಹೊಲಿಗೆ ಸೊಟ್ಟಗಾಗುತ್ತಿತ್ತು. ಅಮ್ಮ ಹೋಗಿ ಎರಡು ವರ್ಷ. ಮಿಷನ್ ಈಗ ಇವಳದು. ಆ ಕಥೆಯೂ ಇವಳದೇ.

"ಅಲ್ಲಿ ನಾನೊಂದು ನಂಬರು ಅಷ್ಟೇ. ಇಲ್ಲಿ ನೀವಿದ್ದೀರಿ. ಅಮ್ಮನ ಪಕ್ಕ ಕೂತು ಹಾಡಿದ ಹಾಗೆ ನನಗೂ ಹಾಡಿ, ಸಾಕು."

ನರ್ಸಮ್ಮ ಕನ್ನಡಕ ತೆಗೆದು ವರದಿಯ ಮೇಲಿಟ್ಟರು.

"ನಿಮ್ಮಮ್ಮ ಅರ್ಧ ಕಥೆ ಹೇಳಿದ್ದಾಳೆ ಮಗಳೇ. ನೀನು ಹುಟ್ಟಿದ್ದು ಬೆಳಿಗ್ಗೆ. ಆಮೇಲೆ ಅವಳಿಗೆ ರಕ್ತ ನಿಲ್ಲಲೇ ಇಲ್ಲ. ಪಾದ ಎರಡೂ ತಣ್ಣಗಾಗಿಬಿಟ್ಟವು. ಪೇಟೆಯಿಂದ ರಕ್ತ ತರೋ ಹೊತ್ತಿಗೆ ಮಧ್ಯಾಹ್ನವಾಯ್ತು. ಅಲ್ಲೀವರೆಗೂ ಅವಳು ಕಣ್ಣು ಮುಚ್ಚಬಾರದು ಅಂತ ಹಾಡಿದೆ. ನನ್ನ ಹೆದರಿಕೆ ಅವಳಿಗೆ ತಿಳೀಬಾರದು ಅಂತ ಹಾಡಿದೆ. ಅವಳು ಉಳಿದದ್ದು ಅವಳ ಅದೃಷ್ಟ. ನನ್ನ ಹಾಡಿನಿಂದಲ್ಲ."

"ಅಮ್ಮ ಯಾಕೆ ಇದನ್ನ ಹೇಳಲೇ ಇಲ್ಲ?"

"ನಿನ್ನ ಹೆರೋಕೆ ಹೋಗಿ ಸಾಯ್ತಿದ್ದೆ ಅಂತ ಯಾವ ತಾಯಿ ಮಗಳಿಗೆ ಹೇಳ್ತಾಳೆ?"

ಅವಳು ಎದ್ದು ಹೋಗಿ ಕಿಟಕಿ ಪಕ್ಕದ ಮಂಚದ ಮೇಲೆ ಕೂತಳು. ಹಾಸಿಗೆಯ ಅಂಚನ್ನು ಸವರಿದಳು. ತುಂಬಾ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಕಾಗದ ಬರೆದುಕೊಡಿ ನರ್ಸಮ್ಮ, ಹೋಗ್ತೀನಿ" ಅಂದಳು.

ದೊಡ್ಡಾಸ್ಪತ್ರೆಗೆ ಸೇರಿದ ಹದಿನೆಂಟನೇ ದಿನ ಆಪರೇಷನ್ ಆಯಿತು. ನಾಲ್ಕು ಬಾಟಲಿ ರಕ್ತ ಬೇಕಾಯಿತು. ಬೇಕಾದ ಗಳಿಗೆಯಲ್ಲಿ ಅಲ್ಲೇ ಇತ್ತು. ಹೆಣ್ಣು ಮಗು.

ಮರುದಿನ ಸಂಜೆ, ವಾರ್ಡ್ ಎಲ್ಲಿ ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಾ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನರ್ಸಮ್ಮ ಬಂದರು. ಗಂಡ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಹೆಮ್ಮೆಯಿಂದ ಮುಂದೆ ಹಿಡಿದ. ಅವರು ಅತ್ತ ನೋಡಲೂ ಇಲ್ಲ. ನೇರವಾಗಿ ಮಂಚದ ಕೊನೆಗೆ ಹೋಗಿ, ಹೊದಿಕೆ ಸರಿಸಿ, ಮಲಗಿದ್ದವಳ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದುಕೊಂಡರು.

"ಮಗು ಈ ಕಡೆ ಇದೆ ನರ್ಸಮ್ಮ!" ಎಂದು ಅವನು ನಕ್ಕ.

"ಮಗೂನ ಎಲ್ಲರೂ ನೋಡ್ತಾರೆ, ಇರಪ್ಪ" ಅಂದರು ಅವರು, ಕೈ ತೆಗೆಯದೆ. "ಬೆಚ್ಚಗಿದೆ."